ಬಲಗೈ ಕಂಪ್ಯೂಟರ್ ಹೇಳಿದ ಚಾಡಿ

ಆ ಮನೆಯ ಕಿರಿಸೊಸೆಗೆ ‘ಡಬಲ್’ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಅವಳ ಕೈಚೀಲ ತೆರೆದರೆ ಎರಡು ಕನ್ನಡಕ, ಎರಡು ಛತ್ರಿ, ಒಂದೇ ಬೀಗದ ಎರಡು ಕೀಲಿ. ಮದುವೆಯ ದಿನ ಗಂಡು ಕನ್ನಡಿ ಮುಂದೆ ನಿಂತು ತಡ ಮಾಡುತ್ತಿದ್ದಾಗ, “ಬೇಗ ಹೊರಡೋ ಮಾರಾಯ, ಅವಳು ಎರಡನೇದೊಂದು ರೆಡಿ ಇಟ್ಕೊಂಡಿರ್ತಾಳೆ” ಎಂದು ಸ್ನೇಹಿತರು ಹೆದರಿಸಿದ್ದೇ ತಡ, ಅವನು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಓಡಿ ಬಂದಿದ್ದನಂತೆ.

ಮದುವೆಗೆ ಮೊದಲು ಅವಳು ಒಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವಳು. ಹದಿನಾಲ್ಕನೇ ಮಹಡಿಯ ಬಾಗಿಲು ತೆರೆದು ಕೆಳಗಿನ ಕತ್ತಲೆ ಗುಂಡಿಗೆ ಇಣುಕಿದವರಿಗೆ ಒಂದೇ ಹಗ್ಗದ ಮೇಲೆ ಭಕ್ತಿ ಹುಟ್ಟುವುದಿಲ್ಲ. “ಲಿಫ್ಟಿಗೆ ಐದು ಹಗ್ಗ ಯಾಕೆ ಹಾಕ್ತಾರೆ ಹೇಳಿ? ಒಂದು ಸಾಲಲ್ಲ ಅಂತಲ್ಲ. ಅದು ಹರಿದ ದಿನ ತಪ್ಪಾಯ್ತು ಅನ್ನೋಕೂ ಯಾರೂ ಉಳಿದಿರಲ್ಲ, ಅದಕ್ಕೆ” ಎನ್ನುವುದು ಅವಳ ವಾದ. ಕೇಳಿದವರು ಮಾರನೆಯ ದಿನದಿಂದ ಮೆಟ್ಟಿಲು ಹತ್ತುತ್ತಿದ್ದರು.

ಅಂಥವಳು ಬಂದು ಸೇರಿದ್ದು ಜನರನ್ನು ಸಮುದ್ರದಲ್ಲಿ ಮುಳುಗಿಸುವ ಮನೆಗೆ. ತಪ್ಪು ತಿಳಿಯಬೇಡಿ, ಮುಳುಗಿಸಿ ವಾಪಸ್ಸೂ ತರುತ್ತಿದ್ದರು. ಬಂದರಿನ ಬೀದಿಯ ಕೊನೆಯಲ್ಲಿ ಡೈವಿಂಗ್ ಅಂಗಡಿ. ಮುಂದೆ ಕೌಂಟರು, ಹಿಂದೆ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಕೋಣೆ, ನಡುವೆ ಒದ್ದೆ ರಬ್ಬರ್ ಉಡುಪುಗಳು ಸಾಲಾಗಿ ನೇತಾಡುವ ಓಣಿ. ಆ ಓಣಿಯಲ್ಲಿ ನಡೆದರೆ ಹತ್ತು ಜನ ನೆತ್ತಿಯ ಮೇಲೆ ನೀರು ತಟಕಿಸಿ ಬೀಳ್ಕೊಟ್ಟಂತಾಗುತ್ತಿತ್ತು. ಮೇಲಿನ ಮಹಡಿಯಲ್ಲಿ ಮನೆ.

ಅಂಗಡಿ ಅತ್ತೆಯದು. ಮೂವತ್ತೊಂದು ವರ್ಷ ಅವರೇ ದೋಣಿ ನಡೆಸಿ, ಅವರೇ ನೀರಿಗಿಳಿದು, ಅವರೇ ಗಿರಾಕಿಗಳನ್ನು ಕತ್ತು ಹಿಡಿದು ಮೇಲೆ ತಂದವರು. ಇಬ್ಬರು ಗಂಡುಮಕ್ಕಳಿದ್ದರು, ಇದ್ದೂ ಇಲ್ಲದ ಹಾಗೆ. ಹಿರಿಮಗನಿಗೆ ದೋಣಿಯ ಹಗ್ಗ ಬಿಚ್ಚುವ ಮೊದಲೇ ವಾಂತಿ. ಕಿರಿಮಗನಿಗೆ ಮೀನೆಂದರೆ ಭಯ, ಕ್ಯಾಲೆಂಡರಿನ ಮೀನಾದರೂ ಸರಿ. ಹೀಗಾಗಿ ನೀರಿನ ಕೆಲಸವೆಲ್ಲ ಹೆಂಗಸರ ತಲೆಯ ಮೇಲೆ ಬಂತು.

ಎಂಟು ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗ ಅತ್ತೆ ಎದೆ ಡವಗುಟ್ಟಿ ಕೂತುಬಿಟ್ಟಿದ್ದರು. ಹೃದಯದ ಡಾಕ್ಟರು, “ಆರು ತಿಂಗಳು ನೀರಿಗಿಳೀಬೇಡಿ. ಆಮೇಲೆ ಬಂದು ತೋರಿಸಿ, ನೋಡೋಣ” ಎಂದರು. ಆರು ತಿಂಗಳು ಕಳೆಯಿತು, ಮೇಲೆ ಎರಡೂ ಕಳೆಯಿತು, ಅತ್ತೆ ತೋರಿಸಲು ಹೋಗಲಿಲ್ಲ. ಕೇಳಿದರೆ, “ಹೋದ್ರಾಯ್ತು ಬಿಡು, ಆಸ್ಪತ್ರೆ ಎಲ್ಲಿ ಓಡಿಹೋಗುತ್ತೆ” ಎನ್ನುತ್ತಿದ್ದರು. ಮಕ್ಕಳು ಅವರ ಉಡುಪು, ಗಡಿಯಾರ, ಮುಳುಗುವಾಗ ಕೈಗೆ ಕಟ್ಟುವ ಕಂಪ್ಯೂಟರ್ ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಜಡಿದರು. ಕೊನೆಗೆ ಅತ್ತೆಯೇ, ದೋಣಿಯನ್ನು ಇಬ್ಬರು ಸೊಸೆಯರಲ್ಲಿ ಒಬ್ಬಳಿಗೆ ಒಪ್ಪಿಸುತ್ತೇನೆ ಎಂದರು. ದೋಣಿ ಸಿಕ್ಕವಳು ಯಾರು ನೀರಿಗಿಳಿಯಬೇಕು, ಯಾರು ಇಳಿಯಬಾರದು ಎಂದು ಹೇಳುವವಳು. ಸಿಗದವಳು ಅವಳ ಹಿಂದೆ ಸಿಲಿಂಡರ್ ಹೊರುವವಳು.

ಡಬಲ್‌ಗೆ ಆ ದೋಣಿ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಷ್ಟು ಬೇಕಿತ್ತೆಂದರೆ ಊಟಕ್ಕೆ ಕೂತಾಗಲೂ ಚಮಚವನ್ನು ಚುಕ್ಕಾಣಿಯ ಹಾಗೆ ಹಿಡಿಯುತ್ತಿದ್ದಳು.

ಪರೀಕ್ಷೆ ಸುಲಭದ್ದು. ಇಪ್ಪತ್ತೆಂಟು ಮೀಟರ್ ಆಳದಲ್ಲಿ ಮುಳುಗಿದ ಹಳೇ ಹಡಗೊಂದಿದೆ. ಅದರ ಪಕ್ಕದ ಗೋಡೆ ಕುಸಿದು ಒಳಗಿನ ಬಿಳೀ ಕಮೋಡು ಬಯಲಿಗೆ ಬಂದು ಕೂತಿದೆ. ಗಿರಾಕಿಗಳಿಗೆ ಹಡಗು ಗಿಡಗು ಏನೂ ಬೇಡ, ಅದರ ಮೇಲೆ ಕೂತು ಒಂದು ಫೋಟೋ ಬೇಕು. ಆ ವಾರದ ಗಿರಾಕಿ ಒಬ್ಬ ಹೆಡ್‌ಮಾಸ್ಟರು, ಜೊತೆಗೆ ಕ್ಯಾಮೆರಾ ಹಿಡಿದ ಅವರ ಭಾವಮೈದುನ. ಶುಕ್ರವಾರ ಹಿರಿಸೊಸೆ ಇವರನ್ನು ಕರೆದುಕೊಂಡು ಹೋಗಬೇಕು, ಶನಿವಾರ ಕಿರಿಸೊಸೆ.

ಶುಕ್ರವಾರ ಹಿರಿಸೊಸೆ ಹೋಗಿ, ತೋರಿಸಿ, ತಲೆಗೂದಲೂ ಕೆದರದ ಹಾಗೆ ಬಂದಳು. ಫೋಟೋ ಮಾತ್ರ ಸರಿ ಬರಲಿಲ್ಲ. ಕಮೋಡು ಇತ್ತು, ಹೆಡ್‌ಮಾಸ್ಟರ ಮುಖ ಇರಬೇಕಾದಲ್ಲಿ ಭಾವಮೈದುನನ ಹೆಬ್ಬೆರಳಿತ್ತು. “ಮೂವತ್ತು ವರ್ಷ ಗಂಭೀರವಾಗಿರಿ ಅಂತ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆಯಮ್ಮ. ಮುಂದಿನ ತಿಂಗಳು ರಿಟೈರು. ನಾಳೆ ಹೇಗಾದ್ರೂ ಕೂರಿಸಿಬಿಡಿ” ಎಂದು ಹೆಡ್‌ಮಾಸ್ಟರು ಡಬಲ್‌ನ ಬಳಿ ಅಂಗಲಾಚಿದರು.

ಶನಿವಾರ ಹತ್ತೂವರೆಗೆ ಡಬಲ್ ಸಾಮಾನು ಕಟ್ಟಿಕೊಳ್ಳುವುದನ್ನು ನೋಡಲು ಹಿರಿಸೊಸೆ ಓಣಿಯಲ್ಲಿ ಕುರ್ಚಿ ಹಾಕಿಕೊಂಡೇ ಕೂತಿದ್ದಳು. ಎಡಗೈಗೆ ಒಂದು ಕಂಪ್ಯೂಟರ್, ಬಲಗೈಗೆ ಇನ್ನೊಂದು. ಎರಡು ಆಳಮಾಪಕ, ಎರಡು ದಿಕ್ಸೂಚಿ, ಒಂದು ಗಡಿಯಾರ, ಕೋಷ್ಟಕ ಬರೆದ ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್, ಪೆನ್ಸಿಲ್ ಮುರಿದರೆ ಇರಲಿ ಎಂದು ಇನ್ನೊಂದು ಪೆನ್ಸಿಲ್.

“ಏನೇ, ಮೀನುಗಳಿಗೆ ಅಂಗಡಿ ಇಡ್ತೀಯಾ?” ಎಂದಳು ಹಿರಿಸೊಸೆ. ಅವಳ ಕೈಗೆ ಒಂದೇ ಕಂಪ್ಯೂಟರ್, ತಟ್ಟೆಯಗಲದ್ದು, ಏಳು ಬಣ್ಣದಲ್ಲಿ ಮಿನುಗುವಂಥದ್ದು.

“ಹೊಳೆಗೆ ಹಾಕಿದರೂ ಅಳೆದು ಹಾಕು ಅಂತಾರಲ್ಲ ಅಕ್ಕ.”

“ಅಳೆಯೋಕೆ ಒಂದು ಸೇರು ಸಾಕು ಕಣೇ. ಎರಡು ತಂದ್ರೆ ಅಳತೆ ಅನ್ನಲ್ಲ, ಅನುಮಾನ ಅಂತಾರೆ.”

ಈ ಕಂಪ್ಯೂಟರ್ ಏನು ಮಾಡುತ್ತದೆ ಎಂದು ಒಂದು ಮಾತು ಹೇಳಿಬಿಡುತ್ತೇನೆ. ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಇಂಗುತ್ತಾ ಹೋಗುತ್ತದೆ. ಜಾಸ್ತಿ ಹೊತ್ತು ಇದ್ದು ದಡಬಡ ಮೇಲೆ ಬಂದರೆ ಅದು ಸೋಡಾ ಬಾಟಲಿಯಂತೆ ರಕ್ತದಲ್ಲಿ ಗುಳ್ಳೆಯೇಳುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂದು ನೋಡಿಕೊಂಡು, ಇನ್ನು ಇಷ್ಟು ನಿಮಿಷ ಇರಬಹುದು ಎಂದು ಮಣಿಕಟ್ಟಿನ ಕಂಪ್ಯೂಟರ್ ಹೇಳುತ್ತದೆ. ಅದು ಕೆಟ್ಟರೆ ಎಂದು ಇನ್ನೊಂದು. ಎರಡೂ ಯಾವಾಗಲೂ ಒಬ್ಬರ ಕೈಯಲ್ಲೇ, ಪ್ರತಿಸಲವೂ ಜೊತೆಗೇ ಇಳಿಯಬೇಕು. ಎರಡರ ಮಾತು ಬೇರೆಯಾದರೆ ಹೆಚ್ಚು ಬೈಯುವುದರ, ಅಂದರೆ ಕಡಿಮೆ ನಿಮಿಷ ಕೊಡುವುದರ ಮಾತು ಕೇಳಬೇಕು. ಇದು ಡೈವಿಂಗಿನ ನಿಯಮ, ಸಂಸಾರದ್ದೂ ಹೆಚ್ಚುಕಡಿಮೆ ಇದೇ.

ಡಬಲ್ ಎರಡರ ಬ್ಯಾಟರಿಯನ್ನೂ ನೋಡಿದಳು. ಇಪ್ಪತ್ತೆಂಟು ಮೀಟರಿಗೆ ಎಷ್ಟು ನಿಮಿಷ ಸಿಗುತ್ತದೆ ಎಂದು ಎಡಗೈಯದನ್ನು ಒತ್ತಿ ನೋಡಿದಳು. ಹದಿನೆಂಟು ಎಂದಿತು. ಬಲಗೈಯದನ್ನು ಒತ್ತಲಿಲ್ಲ. ಅದೂ ಇದನ್ನೇ ಹೇಳುತ್ತದೆ, ಇನ್ನೇನು ಎಂದುಕೊಂಡಳು. ನಾಲ್ಕು ಹಗ್ಗ ಮುಟ್ಟಿ ನೋಡಿ ಐದನೆಯದನ್ನು ನಂಬಿ ಬಿಡುವ ಲಿಫ್ಟ್ ಮೆಕ್ಯಾನಿಕ್‌ಗೆ ಏನನ್ನಬೇಕು ನೀವೇ ಹೇಳಿ. ಬಲಗೈಯದರ ಪಟ್ಟಿ ಸ್ವಲ್ಪ ಒದ್ದೆಯಾಗಿತ್ತು, ಆದರೆ ಆ ಓಣಿಯಲ್ಲಿ ಒದ್ದೆಯಾಗದೆ ಇದ್ದದ್ದು ಯಾವುದು?

ಹಿರಿಸೊಸೆ ದೋಣಿ ಓಡಿಸಿದಳು. ಅತ್ತೆ ಆಗಷ್ಟೇ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಬಂದೆ ಎನ್ನುತ್ತಾ ಬಂದು, ತೀರ್ಪುಗಾರರ ಗತ್ತಿನಲ್ಲಿ ಐಸ್‌ಪೆಟ್ಟಿಗೆಯ ಮೇಲೆ ಕೂತರು. ಹನ್ನೊಂದಕ್ಕೆ ಡಬಲ್, ಹೆಡ್‌ಮಾಸ್ಟರು, ಭಾವಮೈದುನ ಮೂವರೂ ಲಂಗರಿನ ಹಗ್ಗ ಹಿಡಿದು ಇಳಿದರು.

ಇಪ್ಪತ್ತೇಳು ಮೀಟರಿನಲ್ಲಿ ಹಡಗಿನ ಮೂತಿ ಕಂಡಿತು. ಡಬಲ್ ಎಡಗೈ ನೋಡಿದಳು. ಇನ್ನು ಹತ್ತೊಂಬತ್ತು ನಿಮಿಷ. ಬಲಗೈ ನೋಡಿದಳು. ಏಳು.

ಕಣ್ಣು ಉಜ್ಜಿಕೊಳ್ಳೋಣವೆಂದರೆ ಮುಖಕ್ಕೆ ಗಾಜು. ಬಲಗೈ ಕೊಡವಿದಳು. ಏಳು ಆರಾಯಿತು. ಎರಡೂ ಆಳಮಾಪಕ ನೋಡಿದಳು, ಎರಡೂ ಇಪ್ಪತ್ತೇಳೇ ಹೇಳಿದವು. ಆಳದಲ್ಲಿ ತಕರಾರಿಲ್ಲ, ನಿಮಿಷದಲ್ಲಿ ತಕರಾರು. ಹಲಗೆ ತೆಗೆದು ಲೆಕ್ಕ ಹಾಕಿದಳು, ಅದು ಎಡಗೈ ಪಕ್ಷ ಸೇರಿತು. ಇಷ್ಟರಲ್ಲಿ ಹೆಡ್‌ಮಾಸ್ಟರು ಪ್ರಾರ್ಥನೆಗೆ ತಡವಾದ ಮಕ್ಕಳನ್ನು ಕರೆಯುವಂತೆ ಕೈ ಬೀಸುತ್ತಾ ಮುಂದೆ ಮುಂದೆ ಈಜುತ್ತಿದ್ದರು.

ಹಡಗಿನ ಪಕ್ಕ ಬಳಸಿ ಬರುವಷ್ಟರಲ್ಲಿ ಬಲಗೈಯಲ್ಲಿ ಎರಡು ನಿಮಿಷ ಉಳಿಯಿತು. ನಾಲ್ಕು ಮಾರು ದೂರದಲ್ಲಿ ಕಮೋಡು ಬೆಳ್ಳಗೆ ಹೊಳೆಯುತ್ತಿತ್ತು.

ಡಬಲ್‌ಗೆ ಸಿಟ್ಟು ಬಂತು. ಎರಡು ಸಾಕ್ಷಿ ಒಂದು ಕಡೆ, ಈ ದರಿದ್ರದ್ದು ಒಂದು ಕಡೆ. ಬಿಚ್ಚಿ ಜೇಬಿಗೆ ತುರುಕಿದರೆ ಆಯಿತು. ಯಾರು ನೋಡಲು ಬರುತ್ತಾರೆ? ಎರಡು ನಿಮಿಷ ಇವರನ್ನು ಕೂರಿಸಿದರೆ ದೋಣಿ ತನ್ನದು. ಕೈ ಪಟ್ಟಿಯವರೆಗೂ ಹೋಯಿತು. ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ತನಗೆ ಬೇಕಾದ ಮಾತು ಹೇಳುವುದನ್ನಷ್ಟೇ ನಂಬುವುದಾದರೆ ಎರಡು ಯಾಕೆ ಹೊರಬೇಕು, ಒಂದೂ ಬೇಡವಲ್ಲ. ಹೆಬ್ಬೆರಳು ಎತ್ತಿ, ಮೇಲೆ ನಡೀರಿ ಎಂದು ಸನ್ನೆ ಮಾಡಿದಳು.

ಹೆಡ್‌ಮಾಸ್ಟರು ಕೈ ಮುಗಿದರು. ಕಮೋಡು ತೋರಿಸಿದರು, ಎದೆ ಮುಟ್ಟಿಕೊಂಡರು, ಮತ್ತೆ ಕೈ ಮುಗಿದರು. ಇವಳು ಜಗ್ಗದಿದ್ದಾಗ ಇದ್ದಲ್ಲೇ ಮಂಡಿ ಮಡಿಸಿ ನೀರಿನಲ್ಲೇ ಕೂತಂತೆ ನಟಿಸಿದರು. ಭಾವಮೈದುನ ಅದರ ಫೋಟೋ ತೆಗೆದ. ಡಬಲ್ ಇಬ್ಬರ ತೋಳನ್ನೂ ಹಿಡಿದು ತಿರುಗಿಸಿದಳು. ಮೇಲೇರುವಾಗ ಐದು ಮೀಟರಿನಲ್ಲಿ ಬಲಗೈ ಒಪ್ಪುವವರೆಗೂ ಹಗ್ಗ ಹಿಡಿಸಿ ನಿಲ್ಲಿಸಿದಳು. ಅಷ್ಟು ಹೊತ್ತೂ ಹೆಡ್‌ಮಾಸ್ಟರು ಅವಳಿಗೆ ಬೆನ್ನು ಹಾಕಿ ನೇತಾಡಿದರು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!” ದೋಣಿ ಹತ್ತಿ ಬಾಯಿಂದ ನಳಿಗೆ ತೆಗೆದ ಕೂಡಲೇ ಹೆಡ್‌ಮಾಸ್ಟರು ಕೂಗಿದರು. “ಇನ್ನೆರಡು ಸಲ ಕಾಲು ಬಡಿದಿದ್ರೆ ಕೂತಿರ್ತಿದ್ದೆ!”

“ಯಾಕೆ ತಿರುಗಿಸಿದೆ?” ಎಂದು ಕೇಳಿದರು ಅತ್ತೆ.

ಡಬಲ್ ಎರಡೂ ಕೈ ಚಾಚಿದಳು. ಹಿರಿಸೊಸೆ ನೋಡಿ ನಕ್ಕಳು. ಅತ್ತೆ ಮಾತ್ರ ಬಲಗೈಯನ್ನು ನೋಡಿದವರೇ, ಹಾವು ಕಂಡವರಂತೆ ಪೆಟ್ಟಿಗೆಯ ಮೇಲೆ ಹಿಂದೆ ಸರಿದರು. “ಅದು ಕೆಟ್ಟಿರ್ಬೇಕು. ಖಂಡಿತ ಕೆಟ್ಟಿದೆ. ನೀರಿಗೆಸೆ ಅದನ್ನ, ಈಗ್ಲೇ ಎಸೆ.” ಆಮೇಲೆ ದಡ ನೋಡುತ್ತಾ, “ಮೂರು ಗಂಟೆಗೆ ನನ್ನ ತೀರ್ಮಾನ ಹೇಳ್ತೀನಿ” ಎಂದರು.

ಡಬಲ್ ಎಸೆಯಲಿಲ್ಲ. ಲಿಫ್ಟಿನವರು ಕೆಟ್ಟದ್ದನ್ನು ಬಿಚ್ಚಿ ನೋಡದೆ ಎಸೆಯುವುದಿಲ್ಲ. ಕಂಪ್ರೆಸರ್ ಕೋಣೆಗೆ ಹೋಗಿ, ಸಿಲಿಂಡರುಗಳ ನಡುವೆ ಕೂತು, ಮೊದಲು ಚೆನ್ನಾಗಿ ಅತ್ತಳು. ದೋಣಿ ಹೋಯಿತಲ್ಲ ಎಂದು ಅತ್ತಳು, ಅಕ್ಕನ ಹಿಂದೆ ಸಿಲಿಂಡರ್ ಹೊರಬೇಕಲ್ಲ ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಬಲಗೈ ಕಂಪ್ಯೂಟರಿನ ದಾಖಲೆ ತೆರೆದಳು.

ಇವತ್ತು ಎರಡು ಸಲ ಮುಳುಗಿದ್ದೀಯ ಎಂದು ಅದು ಹೇಳಿತು. ಹನ್ನೊಂದು ಗಂಟೆಯದು ಅವಳದು. ಅದಕ್ಕೆ ಮೊದಲು ಎಂಟೂಕಾಲಿನದೊಂದು.

ಮುಳುಗಿದ ಆಳವನ್ನು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಅಕ್ಕನ ಗೆರೆ ಮೆಟ್ಟಿಲಿನ ಹಾಗೆ, ಹೆಡ್‌ಮಾಸ್ಟರದು ಗರಗಸದ ಹಾಗೆ. ಈ ಗೆರೆ ನೆಟ್ಟಗೆ ಇಪ್ಪತ್ತು ಮೀಟರಿಗೆ ಇಳಿದು, ನಲವತ್ತು ನಿಮಿಷ ಒಂದಂಗುಲವೂ ಏರದೆ ಇಳಿಯದೆ ಮಲಗಿ, ನೆಟ್ಟಗೆ ಮೇಲೆದ್ದಿತ್ತು. ಇಡೀ ಬಂದರಿನಲ್ಲಿ ಹಾಗೆ ಕೂರುವವರು ಒಬ್ಬರೇ. ಬಂದರಿನ ಮೆಟ್ಟಿಲಿನಾಚೆ ಇಪ್ಪತ್ತು ಮೀಟರಿನಲ್ಲಿ ಒಂದು ಬಂಡೆ, ಬಂಡೆಯಡಿ ಒಂದು ಮುದಿ ದಡೂತಿ ಮೀನು, ಜೋತುಬಿದ್ದ ತುಟಿಯದು. ಅತ್ತೆ ಮೊದಲೆಲ್ಲ ಅದರೆದುರು ಕೂತು ಬರುತ್ತಿದ್ದರು. “ನಿಮ್ಮ ಮಾವನ ಥರಾನೇ ಕಣ್ರೇ. ಹೇಳಿದ್ದಕ್ಕೆಲ್ಲ ಬಾಯಿ ತೆರೀತಾನೆ, ಒಂದು ಮಾತು ಆಡಲ್ಲ” ಎನ್ನುತ್ತಿದ್ದರು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. “ಎಸೆದ್ಯಾ ಅದನ್ನ?”

ಡಬಲ್ ತಲೆ ಎತ್ತದೆ ಕೇಳಿದಳು. “ಮೀನು ಹೇಗಿದೆ ಅತ್ತೆ?”

“ಎಡಗಣ್ಣು ಮಂಜಾಗಿದೆ ಕಣೇ, ಪಾಪ, ನನ್ನ ಗುರುತೇ...” ಎಂದವರು ನಾಲಿಗೆ ಕಚ್ಚಿಕೊಂಡರು.

ಕಂಪ್ರೆಸರ್ ಒಂದು ಸಲ ನಿಟ್ಟುಸಿರು ಬಿಟ್ಟಿತು. ಅತ್ತೆ ಬಾಗಿಲು ಹಾಕಿ ಎದುರಿನ ಸಿಲಿಂಡರಿನ ಮೇಲೆ ಕೂತರು.

“ಒಬ್ರೇ ಹೋಗಿದ್ರಾ?” ಡಬಲ್‌ ಎದ್ದು ನಿಂತಳು. “ಎದೆ ಡವಗುಟ್ಟೋರು, ಜೊತೆಗೆ ಒಂದು ನರಪಿಳ್ಳೆ ಇಲ್ದೆ, ಬಾಡಿಗೆ ಉಡುಪು ಹಾಕ್ಕೊಂಡು? ಅಲ್ಲೇ ಏನಾದ್ರೂ ಆಗಿದ್ರೆ? ಮಂಡಿಗೆ ಎಣ್ಣೆ ತಿಕ್ಕಿಸ್ಕೊಳ್ತಿದಾರೆ ಅಂತ ನಾವು ಇಲ್ಲಿ ಟೀ ಕುಡೀತಾ ಕೂತಿರ್ತಿದ್ವಿ!”

“ಕೂಗ್ಬೇಡ್ವೇ, ಅವರಿಗೆ ಕೇಳ್ಸುತ್ತೆ.”

“ನನ್ನ ಕಂಪ್ಯೂಟರ್ ಯಾಕೆ ತಗೊಂಡ್ರಿ?”

“ನನ್ನದೆಲ್ಲ ಬೀರುಗೆ ಹಾಕಿದಾರಲ್ಲ. ನಿನ್ನ ಎರಡನೇದು ಗೂಟದಲ್ಲಿ ಸುಮ್ನೆ ನೇತಾಡ್ತಿತ್ತು. ಅದನ್ನ ಯಾರೂ ನೋಡಲ್ಲ, ಶೋಕಿಗೆ ಕಟ್ಕೊಳ್ತೀಯ ಅಂದ್ಕೊಂಡಿದ್ದೆ.”

“ಅದು ಯಾರ ಕೈಲಿ ಇಳೀತು ಅಂತ ಅದಕ್ಕೇನು ಗೊತ್ತು? ನೀವು ಅಲ್ಲಿ ಕೂತು ಮೈಗೆ ಇಂಗಿಸ್ಕೊಂಡ ಗಾಳೀನೆಲ್ಲ ನನ್ನ ಲೆಕ್ಕಕ್ಕೆ ಹಾಕ್ತು. ನಾನು ಒತ್ತಿ ನೋಡ್ಬೇಕಿತ್ತು, ನೋಡ್ಲಿಲ್ಲ, ಅದು ನನ್ನ ತಪ್ಪು. ಆದ್ರೆ ಡಾಕ್ಟರ್ ಹತ್ರ ಹೋಗಿ ಕೇಳ್ಬಹುದಿತ್ತಲ್ಲ ಅತ್ತೆ ನೀವು?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ಬೇಡ ಅಂದುಬಿಟ್ರೆ? ತೋರಿಸೋಕೆ ಹೋಗ್ದೆ ಇದ್ರೆ ಆರೇ ತಿಂಗಳು. ಹೋದ್ರೆ ಪೂರ್ತಿ.” ಸುತ್ತಿದ್ದನ್ನು ಬಿಚ್ಚುತ್ತಾ ಕೇಳಿದರು. “ಮಕ್ಕಳಿಗೆ ಹೇಳ್ತೀಯಾ?”

“ನಾನ್ಯಾಕೆ ಹೇಳ್ಲಿ?” ಎಂದು ಡಬಲ್ ಸಿಡುಕಿದಳು. ಹೇಳಿದ ಮರುಕ್ಷಣವೇ ನಾಲಿಗೆಯನ್ನು ಶಪಿಸಿಕೊಂಡಳು. ಹೇಳಿದರೆ ಅತ್ತೆಯ ನೀರು ಹೋಯಿತು, ಹೇಳದಿದ್ದರೆ ತನ್ನ ದೋಣಿ ಹೋಯಿತು. ಎರಡು ಛತ್ರಿ ಇಟ್ಟುಕೊಂಡು ತಿರುಗುವವಳಿಗೆ ಇದಕ್ಕೆ ಮಾತ್ರ ಎರಡನೇ ದಾರಿ ಇರಲಿಲ್ಲ.

ಮೂರಕ್ಕೆ ಎಲ್ಲರೂ ಕೌಂಟರಿನ ಬಳಿ ಸೇರಿದರು. ಇಬ್ಬರು ಮಕ್ಕಳು, ಇಬ್ಬರು ಸೊಸೆಯರು. ಹೆಡ್‌ಮಾಸ್ಟರು ದೂರು ಕೊಡಲು ಬಂದವರು ಮನೆಯ ವಿಷಯವೆಂದು ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಕೂತರು. ಅತ್ತೆ ಸ್ಟೂಲಿನ ಮೇಲೆ ದೋಣಿಯ ಕೀಲಿ ಹಿಡಿದು ಕೂತಿದ್ದರು.

“ದೋಣಿ ಹಿರಿ...” ಎಂದು ಶುರುಮಾಡಿ ಅತ್ತೆ ನಿಂತರು. ಹಿರಿಸೊಸೆ ಆಗಲೇ ಅರ್ಧ ಎದ್ದಿದ್ದಳು. ಡಬಲ್ ಮೂಲೆಯಲ್ಲಿ ತಲೆ ತಗ್ಗಿಸಿ, ಒರೆಸಿಯಾದ ಆಳಮಾಪಕವನ್ನೇ ಮತ್ತೆ ಒರೆಸುತ್ತಿದ್ದಳು. ಅತ್ತೆ ಅವಳನ್ನು ನೋಡಿದರು, ಕೀಲಿ ನೋಡಿದರು.

“ಬೆಳಿಗ್ಗೆ ನಾನು ಎಣ್ಣೆ ತಿಕ್ಕಿಸ್ಕೊಳ್ಳೋಕೆ ಹೋಗಿರ್ಲಿಲ್ಲ” ಎಂದರು. “ಬಂಡೆ ಹತ್ರ ಹೋಗಿದ್ದೆ. ನೀರೊಳಗೆ. ಇವಳ ಎರಡನೇ ಕಂಪ್ಯೂಟರ್ ಕಟ್ಕೊಂಡು.”

ಆಮೇಲಿನ ಗಲಾಟೆ ಏನು ಕೇಳುತ್ತೀರಿ. ಕಿರಿಮಗ, “ಒಬ್ಳೇ? ಆ ಮೀನಿನ ಜೊತೆ?” ಎಂದು ತಲೆ ಮೇಲೆ ಕೈ ಹೊತ್ತ. ಹಿರಿಮಗ ಇಪ್ಪತ್ತು ಮೀಟರ್ ಎಂಬ ಮಾತು ಕೇಳಿಯೇ ಬೆಳ್ಳಗಾಗಿ ಬಕೆಟ್ ಹುಡುಕಿದ. ಹಿರಿಸೊಸೆ ಎಲ್ಲರಿಗಿಂತ ಜೋರಾಗಿ ಅತ್ತೆಯನ್ನು ಬೈದು, ಬೈದು ಮುಗಿದ ಮೇಲೆ ಪಾಯಿಂಟಿಗೆ ಬಂದಳು. “ಹಾಗಾದ್ರೆ ಇವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಆಗ್ಲಿ.”

“ಲೆಕ್ಕಕ್ಕಿದೆ” ಎಂದರು ಅತ್ತೆ. “ಕಮೋಡು ನಾಲ್ಕು ಮಾರು ದೂರ ಇತ್ತು. ಈ ಮೇಷ್ಟ್ರು ಕೈ ಮುಗೀತಿದ್ರು. ಕಂಪ್ಯೂಟರ್ ಬಿಚ್ಚಿ ಜೇಬಿಗೆ ಹಾಕ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನಾನಾಗಿದ್ರೆ ಹಾಕ್ಕೊಳ್ತಿದ್ದೆ. ಹಾಕ್ಕೊಂಡಿದೀನಿ ಕೂಡ, ಯಾಕೆ ಸುಳ್ಳು ಹೇಳ್ಲಿ. ಇವಳು ತಿರುಗಿದ್ಲು. ದೋಣಿ ಇವಳದು.” ಎದ್ದು ಬಂದು ಕೀಲಿಯನ್ನು ಡಬಲ್‌ನ ಅಂಗೈಗೆ ಒತ್ತಿದರು.

ಡಬಲ್‌ಗೆ ಖುಷಿಗೆ ಕುಣಿಯಬೇಕು ಅನ್ನಿಸಿತು, ಅಳಬೇಕೂ ಅನ್ನಿಸಿತು, ಎರಡಕ್ಕೂ ಜಾಗ ಸಾಲಲಿಲ್ಲ.

“ಅದೆಲ್ಲ ಸರಿ” ಎಂದು ಕಿರಿಮಗ ಮೇಜು ಗುದ್ದಿದ. “ಅಮ್ಮ ಇನ್ಮೇಲೆ ನೀರು ಮುಟ್ಟೋ ಹಾಗಿಲ್ಲ, ಸ್ನಾನದ ಮನೆ ಬಿಟ್ಟು!”

“ಅದನ್ನ ಹೇಳೋಕೆ ನೀನ್ಯಾವನೋ?” ಅತ್ತೆಯ ಮುಖದಲ್ಲಿ ಈಗ ಕಳೆ ಬಂತು. “ಯಾರು ಇಳೀಬೇಕು, ಯಾರು ಬಿಡ್ಬೇಕು ಅನ್ನೋದು ದೋಣಿಯವಳ ಮಾತು.” ಎಂದವರೇ ಕಿರಿಸೊಸೆಯ ಕಡೆ ತಿರುಗಿ, ಪರವಾನಗಿ ಈಗಲೇ ಜೇಬಿಗೆ ಬಿತ್ತು ಎಂಬಂತೆ ನಕ್ಕರು.

ಎಲ್ಲರೂ ಡಬಲ್‌ನ ಬಾಯಿ ನೋಡಿದರು. ಇಳೀರಿ ಅತ್ತೆ ಎನ್ನುವುದು ಎಷ್ಟು ಸುಲಭವಿತ್ತು.

“ಡಾಕ್ಟರ್ ಚೀಟಿ ತನ್ನಿ ಅತ್ತೆ” ಎಂದಳು.

ನಗು ಅಲ್ಲೇ ಸತ್ತಿತು. “ಎಂಟು ತಿಂಗಳ ಹಿಂದಿಂದು ಮೇಲೆ ಇದೆಯಲ್ಲ.”

“ಅದು ನಡೆಯಲ್ಲ. ಹೊಸದು ಬೇಕು.” ಒಂದು ಕ್ಷಣ ಯೋಚಿಸಿದಳು. “ಇಬ್ಬರು ಡಾಕ್ಟರದು.”

ಹಿರಿಸೊಸೆ ಹೋ ಎಂದು ನಕ್ಕುಬಿಟ್ಟಳು. ಅತ್ತೆ ಸ್ಟೂಲಿನ ಮೇಲೆ ಕುಸಿದರು. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಿದ್ರು. ಮಧ್ಯದಲ್ಲಿ ಐದು ನಿಮಿಷನಾದ್ರೂ ಬಿಡ್ತಾರೆ ಅಂದ್ಕೊಂಡಿದ್ದೆ ನಾನು!” ಎಂದು ಹಣೆ ಚಚ್ಚಿಕೊಂಡರು. ಹೆಡ್‌ಮಾಸ್ಟರೂ ನಕ್ಕರು. ಆ ಗದ್ದಲದ ನಡುವೆ ಅತ್ತೆ ಡಬಲ್‌ನ ತೋಳು ಹಿಡಿದು ಹತ್ತಿರ ಎಳೆದು, ಇವಳಿಗೊಬ್ಬಳಿಗೇ ಕೇಳುವಂತೆ ಕೇಳಿದರು. “ಇಬ್ಬರೂ ಬೇಡ ಅಂದ್ರೆ ಏನ್ಮಾಡ್ಲೇ?”

“ಅಂದ್ರೆ ಇಬ್ಬರೂ ಕೂತು ಅಳೋಣ” ಎಂದಳು ಡಬಲ್. “ನಾನು ಜೊತೆಗೆ ಬರ್ತೀನಿ, ಒಬ್ರೇ ಕಳಿಸಲ್ಲ. ಏಳಿ, ಐದು ಗಂಟೆವರೆಗೂ ಇರ್ತಾರೆ ಡಾಕ್ಟರು.”

ಅತ್ತೆ ಕಣ್ಣೊರೆಸಿಕೊಂಡು, ಸೊಸೆಯ ಭುಜದ ಮೇಲೆ ಭಾರ ಹಾಕಿ ಎದ್ದು, ಸ್ಟೂಲಿನ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದರು.